ಹಳ್ಳದ ನೆರೆಗೆ ಮಣ್ಣಿನ ಒಡ್ಡು: ಜಾಗ ಹುಡುಕುವುದರಿಂದ ಮೊದಲ ಮಳೆಯವರೆಗೆ

ಬೆಣ್ಣಿಹಳ್ಳವನ್ನು ಬೇಸಿಗೆಯಲ್ಲಿ ಮಾತ್ರ ನೋಡಿದವರಿಗೆ ಅದು ಊರು ಮುಳುಗಿಸುತ್ತದೆ ಅಂದರೆ ನಂಬಿಕೆ ಬರುವುದಿಲ್ಲ. ಶಿಗ್ಗಾವಿ ತಾಲೂಕಿನ ದುಂಡಸಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆ (ಕಪ್ಪು ಮಣ್ಣಿನ) ಹೊಲಗಳ ನಡುವೆ ಹರಿದು, ರೋಣ ತಾಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ದಾರಿಯಲ್ಲಿ ಧಾರವಾಡದ ಕಡೆಯಿಂದ ತುಪ್ಪರಿಹಳ್ಳ ಬಂದು ಕೂಡುತ್ತದೆ. ವರ್ಷದ ಬಹುಪಾಲು ದಿನ ಅಲ್ಲಿರುವುದು ಜಾಲಿಕಂಟಿ, ಅಲ್ಲಲ್ಲಿ ನಿಂತ ನೀರು, ಅಷ್ಟೇ. ಮೇಲೆ ಜೋರು ಮಳೆಯಾದರೆ ಮಾತ್ರ ಕೆಲವೇ ತಾಸಿನಲ್ಲಿ ಹಳ್ಳ ಬರುತ್ತದೆ. ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆದ ಹೊಲ ಕೆಸರಾಗಿ ಉಳಿಯುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ, 2019ರ ಆಗಸ್ಟ್ ಮಳೆ, ಎರಡನ್ನೂ ಈ ಭಾಗದ ಜನ ಮರೆತಿಲ್ಲ.

ಇದೇ ನರಗುಂದ, ನವಲಗುಂದದ ಜನ ಮಲಪ್ರಭೆಗೆ ಮಹದಾಯಿ ನೀರು ಬರಲಿ ಅಂತ ವರ್ಷಗಟ್ಟಲೆ ಹೋರಾಡಿದವರು. ಒಂದು ಕಡೆ ನೀರಿಲ್ಲದ ಸಂಕಟ, ಇನ್ನೊಂದು ಕಡೆ ನೀರು ನುಗ್ಗುವ ಸಂಕಟ. ಹಾಗಾಗಿ ಹಳ್ಳಕ್ಕೊಂದು ಒಡ್ಡು ಕಟ್ಟಿ, ನೆರೆಯೂ ನಿಲ್ಲಲಿ, ನೀರೂ ಉಳಿಯಲಿ ಎಂಬ ಬೇಡಿಕೆ ಸಹಜವೇ. ಆದರೆ ಈ ಎರಡೂ ಒಂದಕ್ಕೊಂದು ಎಳೆದಾಡುವ ಕೆಲಸಗಳು. ನೆರೆ ತಡೆಯುವುದು ಒಡ್ಡಿನ ಹಿಂದಿರುವ ಖಾಲಿ ಜಾಗ. ಆಗಸ್ಟ್‌ನಲ್ಲೇ ಕೋಡಿ ಬಿದ್ದ ಕೆರೆ, ಹಸ್ತಿ–ಚಿತ್ತಿ ಮಳೆಗೆ ಬರುವ ನೆರೆಯನ್ನು ಹೆಚ್ಚೇನೂ ತಡೆಯಲಾರದು. ಮೇಲಿಂದ ಬಂದಷ್ಟು ನೀರನ್ನು ಸುಮ್ನೆ ಕೆಳಗೆ ಬಿಡುತ್ತದೆ. ಯೋಜನೆಯ ಪ್ರತಿ ಹಂತದಲ್ಲೂ "ಖಾಲಿ ಜಾಗ ಎಷ್ಟು ಉಳಿಯಿತು?" ಅಂತ ಕೇಳುತ್ತಲೇ ಇರಬೇಕು.

ಗ್ರಾಮ ಪಂಚಾಯಿತಿ ಸದಸ್ಯರು, ರೈತ ಸಂಘದವರು, ಈ ಕೆಲಸಕ್ಕೆ ಹೊಸದಾಗಿ ಕೈ ಹಾಕಿದ ಇಂಜಿನಿಯರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೊನೆಯ ನಕ್ಷೆ, ಲೆಕ್ಕ, ಸಹಿ ಎಲ್ಲ ಅನುಭವಿ ಇಂಜಿನಿಯರ್‌ದ್ದೇ ಆಗಬೇಕು. ಆದರೆ ಅವರ ಮುಂದೆ ಕೂತು ಸರಿಯಾದ ಪ್ರಶ್ನೆ ಕೇಳುವಷ್ಟು ವಿಷಯ ಊರಿನವರಿಗೂ ಗೊತ್ತಿರಬೇಕು.

ಹಂತ 1: ನೆರೆ ಎಲ್ಲಿಂದ ಬರುತ್ತಿದೆ ನೋಡಿ

ಊರು ಮುಳುಗಲು ಮೂರು ಬೇರೆ ಬೇರೆ ಕಾರಣ ಇರಬಹುದು. ಒಂದು, ಹಳ್ಳದ ಮೇಲ್ಭಾಗದಲ್ಲಿ ಬಿದ್ದ ಮಳೆ ಒಮ್ಮೆಲೇ ಇಳಿದು ಬರುವುದು. ಎರಡು, ಕೆಳಗಿನ ನದಿ ತುಂಬಿ ನೀರು ಹಿಂದಕ್ಕೆ ಒತ್ತುವುದು. ನವಿಲುತೀರ್ಥ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಊರುಗಳಿಗೆ ಆಗುವುದು ಇದೇ. 2019ರಲ್ಲಿ ನರಗುಂದ ತಾಲೂಕಿನ ಕೊಣ್ಣೂರು ಮುಳುಗಿದ್ದು ಮಲಪ್ರಭೆಯಿಂದ. ಮೂರು, ಸೇತುವೆಯ ಕಣ್ಣು ಸಣ್ಣದಾಗಿ ಅಥವಾ ಹಳ್ಳದಲ್ಲಿ ಜಾಲಿ ಬೆಳೆದು ನೀರು ಕಟ್ಟಿಕೊಳ್ಳುವುದು.

ಒಡ್ಡು ಉಪಯೋಗಕ್ಕೆ ಬರುವುದು ಮೊದಲನೆಯದಕ್ಕೆ ಮಾತ್ರ. ಮೂರನೆಯದಾದರೆ ಜಾಲಿ ತೆಗೆಸಿ, ಸೇತುವೆ ಅಗಲ ಮಾಡಿಸಿ. ಅದಕ್ಕೆ ಒಡ್ಡು ಕಟ್ಟುವ ಖರ್ಚಿನ ಸಣ್ಣ ಪಾಲು ಸಾಕು.

ತಿಳಿಯುವುದು ಹೇಗೆ? ಹಳ್ಳದ ಗುಂಟ ನಡೆಯಿರಿ. ಗುಡಿ ಕಟ್ಟೆ, ಶಾಲೆ ಗೋಡೆ, ಹಳೇ ಮನೆ ಬಾಗಿಲ ಚೌಕಟ್ಟಿನ ಮೇಲೆ ನೀರು ನಿಂತ ಗುರುತು ಹುಡುಕಿ. ನೀರು ಎಷ್ಟು ಹೊತ್ತಿಗೆ ಏರಿತು, ಎಷ್ಟು ಹೊತ್ತು ನಿಂತಿತು, ಯಾವ ದಿಕ್ಕಿನಿಂದ ಬಂತು ಅಂತ ಹಿರಿಯರನ್ನು ಕೇಳಿ. ಸರಸರ ಏರಿ ಅಷ್ಟೇ ಬೇಗ ಇಳಿದರೆ ಅದು ಹಳ್ಳದ ನೀರು. ನಿಧಾನಕ್ಕೆ ಏರಿ ದಿನಗಟ್ಟಲೆ ನಿಂತರೆ ನದಿ ಹಿಂದಕ್ಕೆ ಒತ್ತಿದೆ ಅಂತ ತಿಳಿಯಿರಿ.

ಹಂತ 2: ಜಲಾನಯನ ಪ್ರದೇಶ ಅಳೆಯಿರಿ

ನೀವು ಯೋಚಿಸಿರುವ ಜಾಗಕ್ಕೆ ಎಷ್ಟು ನೆಲದ ಮಳೆ ನೀರು ಹರಿದು ಬರುತ್ತದೆ? ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್ ತೆಗೆದುಕೊಳ್ಳಿ. ಸುತ್ತಲಿನ ದಿಬ್ಬಗಳ ನೆತ್ತಿ ಹಿಡಿದು ಗೆರೆ ಎಳೆದರೆ ಗಡಿ ಸಿಗುತ್ತದೆ. ಇಸ್ರೋದ ಭುವನ್ ತಾಣದಲ್ಲೂ ನೋಡಬಹುದು. ನಮ್ಮ ಎರೆ ಬಯಲು ಎಷ್ಟು ಸಪಾಟು ಅಂದರೆ, ನಕ್ಷೆಯಲ್ಲಿ ಕಾಣದ ಒಂದು ರಸ್ತೆ ಏರಿ ಅಥವಾ ಕಾಲುವೆ ದಂಡೆ ನೀರಿನ ದಾರಿಯನ್ನೇ ತಿರುಗಿಸಿರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಒಮ್ಮೆ ಆ ಗಡಿ ಸುತ್ತಿ ಬರಲೇಬೇಕು.

ಉದಾಹರಣೆಗೆ ಈ ಪ್ರದೇಶ 4 ಚದರ ಕಿ.ಮೀ. ಅಂತ ಇಟ್ಟುಕೊಳ್ಳೋಣ. ಹಳ್ಳದ ಉದ್ದ 3 ಕಿ.ಮೀ., ಇಳಿಜಾರು ನೂರು ಮೀಟರಿಗೆ ಒಂದು ಮೀಟರ್. ಮುಂದಿನ ಎಲ್ಲ ಲೆಕ್ಕಕ್ಕೂ ಇದನ್ನೇ ಬಳಸುತ್ತೇನೆ.

ಹಂತ 3: ಎಷ್ಟು ನೀರು ಬರುತ್ತದೆ?

ವರ್ಷದ ಸರಾಸರಿ ಮಳೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಯಲು ಸೀಮೆಯಲ್ಲಿ ವರ್ಷಕ್ಕೆ 600ರಿಂದ 800 ಮಿ.ಮೀ. ಮಳೆ ಅನ್ನುವುದು ಬೆಳೆಗೆ ಬೇಕಾದ ಮಾಹಿತಿ. ನೆರೆಗೆ ಬೇಕಾದ್ದು ಒಂದು ದಿನದಲ್ಲಿ, ಒಂದು ತಾಸಿನಲ್ಲಿ ಎಷ್ಟು ಸುರಿಯಬಹುದು ಅನ್ನುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೂ ಇವೆ. ಅಲ್ಲಿನ ಅಂಕಿ ಕೇಳಿ ಪಡೆಯಿರಿ. ಹವಾಮಾನ ಇಲಾಖೆಯ ಹಳೆಯ ದಾಖಲೆಯೂ ಬೇಕು. 25 ಚದರ ಕಿ.ಮೀ.ಗಿಂತ ದೊಡ್ಡ ಹಳ್ಳವಾದರೆ ಕೇಂದ್ರ ಜಲ ಆಯೋಗದ ಕೃಷ್ಣಾ–ಪೆನ್ನಾರ್ ಉಪವಲಯ 3(ಎಚ್) ನೆರೆ ಅಂದಾಜು ವರದಿಯನ್ನು ಇಂಜಿನಿಯರ್ ನೋಡಿರಬೇಕು.

ಎರಡು ಲೆಕ್ಕ ಬೇಕು: ಒಟ್ಟು ನೀರು ಎಷ್ಟು, ಜೋರು ಎಷ್ಟು.

ಒಟ್ಟು ನೀರು ಎಷ್ಟು ಅನ್ನುವುದು ಮಣ್ಣಿನ ಗುಣವನ್ನು ಅವಲಂಬಿಸಿದೆ. ಒಂದು ದಿನ 100 ಮಿ.ಮೀ. ಮಳೆ ಬಿತ್ತು ಅನ್ನಿ. ಮೊದಲೇ ನೆನೆದಿರುವ ಎರೆ ಹೊಲಕ್ಕೆ ಕರ್ವ್ ನಂಬರ್ (ನೆಲ ಎಷ್ಟು ನೀರನ್ನು ಹರಿಯಬಿಡುತ್ತದೆ ಅಂತ ತೋರಿಸುವ ಅಂಕಿ) 86 ಹಿಡಿದು ಲೆಕ್ಕ ಹಾಕಿದರೆ ಸುಮಾರು 67 ಮಿ.ಮೀ. ಹರಿದು ಹೋಗುತ್ತದೆ. ಅದೇ ಮಳೆಗೆ, ನೀರು ಕುಡಿಯುವ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ, ಕರ್ವ್ ನಂಬರ್ 70 ಹಿಡಿದರೆ, ಹರಿಯುವುದು 26 ಮಿ.ಮೀ. ಮಾತ್ರ. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟಾಗ ಮೊದಲ ಮಳೆಯನ್ನೆಲ್ಲ ಬಿರುಕಿನೊಳಗೆ ಎಳೆದುಕೊಳ್ಳುತ್ತದೆ. ಒಮ್ಮೆ ಉಬ್ಬಿ ಬಿರುಕು ಮುಚ್ಚಿತೋ, ಆಮೇಲೆ ಹನಿ ನೀರು ಇಳಿಯುವುದೂ ಕಷ್ಟ. ಜೂನ್‌ನ ದೊಡ್ಡ ಮಳೆಗೆ ಬಾರದ ಹಳ್ಳ ಸೆಪ್ಟೆಂಬರ್‌ನ ಅಷ್ಟೇ ಮಳೆಗೆ ದಂಡೆ ಮೀರಿ ಬರುವುದು ಇದಕ್ಕೇ. ಆದ್ದರಿಂದ ಲೆಕ್ಕವನ್ನು ಯಾವಾಗಲೂ ನೆನೆದ ನೆಲಕ್ಕೇ ಹಾಕಿ.

4 ಚದರ ಕಿ.ಮೀ.ನಿಂದ 67 ಮಿ.ಮೀ. ಅಂದರೆ 2.68 ಲಕ್ಷ ಘನ ಮೀಟರ್. ಇಲಾಖೆಯ ಭಾಷೆಯಲ್ಲಿ ಒಂಬತ್ತೂವರೆ ಎಂಸಿಎಫ್‌ಟಿ (ದಶಲಕ್ಷ ಘನ ಅಡಿ).

ಇನ್ನು ಜೋರು. ಮೇಲ್ತುದಿಯ ನೀರು ಒಡ್ಡಿನ ಜಾಗಕ್ಕೆ ಬರಲು ಹಿಡಿಯುವ ಸಮಯವನ್ನು ಕಿರ್ಪಿಚ್ ಸೂತ್ರದಿಂದ ತೆಗೆದರೆ ನಮ್ಮ ಉದಾಹರಣೆಗೆ ಸುಮಾರು 55 ನಿಮಿಷ ಬರುತ್ತದೆ. ಹಾಗಾಗಿ ಒಂದು ತಾಸಿನ ಮಳೆಯ ರಭಸ ಹಿಡಿಯಬೇಕು. ಗಂಟೆಗೆ 60 ಮಿ.ಮೀ. ಅಂತಿಟ್ಟುಕೊಂಡು, ಅದರಲ್ಲಿ ಹತ್ತಕ್ಕೆ ಆರು ಪಾಲು ಹರಿಯುತ್ತದೆ ಅಂದರೆ (0.278 ಅನ್ನುವುದು ಅಳತೆಯ ಮಾನ ಬದಲಿಸುವ ಅಂಕಿ): 0.278 × 0.6 × 60 × 4 = ಸೆಕೆಂಡಿಗೆ 40 ಘನ ಮೀಟರ್. ಅಂದರೆ 1,400 ಕ್ಯೂಸೆಕ್. ನಿಮ್ಮೂರಿಗೆ ಈ 60ರ ಜಾಗದಲ್ಲಿ ಯಾವ ಅಂಕಿ ಬರಬೇಕು ಅನ್ನುವುದನ್ನು ಮಳೆ ದಾಖಲೆಯೇ ಹೇಳಬೇಕು.

ಭಾರತೀಯ ಮಾನಕ ಐಎಸ್ 11223 ಪ್ರಕಾರ ಸಣ್ಣ ಅಣೆಕಟ್ಟಿನ ಕೋಡಿಯನ್ನು 100 ವರ್ಷಕ್ಕೊಮ್ಮೆ ಬರುವ ನೆರೆಗೆ ಲೆಕ್ಕ ಹಾಕಬೇಕು. ನೂರು ವರ್ಷ ಅಂದಾಗ ನಮ್ಮ ಕಾಲದಲ್ಲಿ ಬರಲಿಕ್ಕಿಲ್ಲ ಬಿಡಿ ಅನ್ನುವವರಿದ್ದಾರೆ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ. 30 ವರ್ಷ ಬಾಳುವ ಒಡ್ಡು ಅಂಥ ನೆರೆ ಕಾಣುವ ಸಾಧ್ಯತೆ ಸುಮಾರು ನಾಲ್ಕಕ್ಕೆ ಒಂದು. ಒಡ್ಡಿನ ಕೆಳಗೆ ಮನೆಗಳಿದ್ದರೆ ಇದಕ್ಕೂ ದೊಡ್ಡ ನೆರೆ ಹಿಡಿಯಿರಿ ಅಂತಲೇ ನನ್ನ ಒತ್ತಾಯ.

ಹಂತ 4: ಜಾಗ

ಒಳ್ಳೆಯ ಜಾಗ ಹೇಗಿರಬೇಕು ಅಂತ ನೋಡಬೇಕಾದರೆ ಹಾವೇರಿ ಜಿಲ್ಲೆಯ ಮದಗ ಮಾಸೂರು ಕೆರೆಗೆ ಹೋಗಿ ಬನ್ನಿ. ಕುಮುದ್ವತಿ ನದಿ ಎರಡು ಗುಡ್ಡಗಳ ನಡುವೆ ಕಿರಿದಾಗುವ ಕಡೆಯೇ ಹಿಂದಿನವರು ಏರಿ ಕಟ್ಟಿದ್ದಾರೆ. ಏರಿಯ ಉದ್ದ ಕಡಿಮೆ, ಹಿಂದೆ ಜಾಗ ವಿಶಾಲ. ಹುಡುಕಬೇಕಾದ್ದು ಇದನ್ನೇ.

ನವಲಗುಂದ, ರೋಣದ ಬಯಲಿನಲ್ಲಿ ಇಂಥ ಜಾಗ ಸಿಗುವುದು ಅಪರೂಪ. ಸಪಾಟು ನೆಲದಲ್ಲಿ ಒಡ್ಡು ಹಾಕಿದರೆ ಉದ್ದ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ನೂರಾರು ಎಕರೆ ಮುಳುಗುತ್ತದೆ. ಜಾಗ ಇರುವುದು ಮೇಲೆ: ಶಿಗ್ಗಾವಿ, ಕುಂದಗೋಳದ ದಿಬ್ಬಗಳ ಕಡೆ, ಧಾರವಾಡದ ಮಗ್ಗುಲಲ್ಲಿ, ಕಪ್ಪತಗುಡ್ಡದ ಬುಡದಲ್ಲಿ. (ಕಪ್ಪತಗುಡ್ಡ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ಒಂದು ಬುಟ್ಟಿ ಮಣ್ಣೂ ಎತ್ತುವ ಹಾಗಿಲ್ಲ.) ಇಲ್ಲೇ ನಿಜವಾದ ತೊಡಕು. ಮುಳುಗುವ ಹೊಲ ಮೇಲಿನ ಊರಿನದು, ಉಳಿಯುವ ಹೊಲ ಕೆಳಗಿನ ಊರಿನದು. ತಾಲೂಕು ಬೇರೆ, ಕೆಲವೊಮ್ಮೆ ಜಿಲ್ಲೆಯೇ ಬೇರೆ. ಎರಡೂ ಊರಿನ ಹಿರಿಯರು ಕೂತು ಮಾತಾಡದೆ ನಕ್ಷೆ ತೆಗೆಯುವುದೇ ದಂಡ.

ಇನ್ನೊಂದು ಮಾತು. ಒಡ್ಡಿನ ಪರಿಣಾಮ ಕೆಳಗೆ ಹೋದಂತೆ ಕಡಿಮೆಯಾಗುತ್ತದೆ. 4 ಚದರ ಕಿ.ಮೀ. ಹಿಡಿಯುವ ಒಂದು ಒಡ್ಡಿನಿಂದ ಇಡೀ ಬೆಣ್ಣಿಹಳ್ಳದ ನೆರೆ ನಿಲ್ಲುವುದಿಲ್ಲ. ಅದರ ಕೆಳಗಿನ ಒಂದೆರಡು ಊರಿಗೆ ಮಾತ್ರ ಗೊತ್ತಾಗುವಷ್ಟು ಲಾಭ. ಇಡೀ ಹಳ್ಳಕ್ಕೆ ಲಾಭ ಬೇಕಾದರೆ ಮೇಲಿನ ಕವಲುಗಳಲ್ಲೆಲ್ಲ ಇಂಥವು ಬೇಕು, ಮತ್ತು ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಯಾಕೆ ಅಂದರೆ, ಒಂದು ಕವಲಿನ ನೆರೆಯನ್ನು ಮೂರು ತಾಸು ತಡಮಾಡಿದಾಗ ಅದು ಸರಿಯಾಗಿ ಇನ್ನೊಂದು ಕವಲಿನ ನೆರೆ ಬರುವ ಹೊತ್ತಿಗೇ ಕೂಡಬಹುದು. ಆಗ ಕೂಡುವ ಜಾಗದಲ್ಲಿ ನೀರು ಮೊದಲಿಗಿಂತ ಜಾಸ್ತಿಯಾಗುತ್ತದೆ. ಇದನ್ನು ನೋಡದೆ ಕಟ್ಟಿದ ಒಡ್ಡು ಯಾರಿಗೋ ಕೇಡು ಮಾಡುತ್ತದೆ.

ಹಂತ 5: ಖಾಲಿ ಜಾಗದ ಲೆಕ್ಕ

ಜಾಗ ಸಿಕ್ಕ ಮೇಲೆ ಅರ್ಧ ಮೀಟರ್ ಅಥವಾ ಒಂದು ಮೀಟರ್ ಎತ್ತರಕ್ಕೊಂದರಂತೆ ಕಾಂಟೂರ್ ಸರ್ವೇ (ಸಮ ಎತ್ತರದ ಗೆರೆಗಳ ಅಳತೆ) ಮಾಡಿಸಿ. ಪ್ರತಿ ಎತ್ತರಕ್ಕೆ ನೀರು ಎಷ್ಟು ಹೆಕ್ಟೇರ್ ಹರಡುತ್ತದೆ ಅಂತ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 1 ಮೀಟರಿಗೆ 0.4 ಹೆಕ್ಟೇರ್, 2ಕ್ಕೆ 1.5, 3ಕ್ಕೆ 3.5, 4ಕ್ಕೆ 6.5, 5ಕ್ಕೆ 10 ಹೆಕ್ಟೇರ್ ಅನ್ನಿ. ಅಕ್ಕಪಕ್ಕದ ಎರಡು ಅಂಕಿಗಳ ಸರಾಸರಿಯನ್ನು ನಡುವಿನ ಎತ್ತರದಿಂದ ಗುಣಿಸಿ ಕೂಡುತ್ತಾ ಹೋದರೆ, 5 ಮೀಟರಿಗೆ ಒಟ್ಟು 1.69 ಲಕ್ಷ ಘನ ಮೀಟರ್ ಹಿಡಿಯುತ್ತದೆ.

ಈಗ ಇದನ್ನು ಬಿಡಿಸಿ ನೋಡಿ. ತಳದ 3 ಮೀಟರ್‌ನಲ್ಲಿ ಇರುವುದು 36,500 ಘನ ಮೀಟರ್ ಮಾತ್ರ. ಮೇಲಿನ 2 ಮೀಟರ್‌ನಲ್ಲಿ 1.32 ಲಕ್ಷ. ಅಂದರೆ ತಳದ ಮೂರು ಮೀಟರ್ ನೀರನ್ನು ದನಕರುಗಳಿಗೆ, ಅಂತರ್ಜಲಕ್ಕೆ ಅಂತ ಉಳಿಸಿಕೊಂಡರೂ ನೆರೆಗೆ ಬೇಕಾದ ಜಾಗದಲ್ಲಿ ಕಳೆದುಹೋಗುವುದು ಐದಕ್ಕೆ ಒಂದು ಪಾಲು. ಊರಿನ ಎರಡೂ ಬೇಡಿಕೆಗೆ ದಾರಿ ಇರುವುದು ಇಲ್ಲಿ. ಮೇಲಿನ ಎರಡು ಮೀಟರ್ ಮಾತ್ರ ಮಳೆಗಾಲ ಪೂರ್ತಿ ಖಾಲಿ ಇರಬೇಕು. ಅದರಲ್ಲಿ ರಾಜಿ ಬೇಡ.

ಖಾಲಿ ಇರುವಂತೆ ನೋಡಿಕೊಳ್ಳುವುದು ಯಾರು? ಮನುಷ್ಯರ ಮೇಲೆ ಬಿಡಬೇಡಿ. ಗೇಟ್ ಇಟ್ಟರೆ, ನೀರಿನ ಆಸೆಗೆ ಯಾರೋ ಮುಚ್ಚುತ್ತಾರೆ, ಇಲ್ಲವೇ ಬೇಕಾದಾಗ ಅದು ತುಕ್ಕು ಹಿಡಿದಿರುತ್ತದೆ. 3 ಮೀಟರ್ ಎತ್ತರದಲ್ಲಿ ಗೇಟ್ ಇಲ್ಲದ ತೆರೆದ ಕೊಳವೆ ಇಡಿ. ನೀರು ಆ ಮಟ್ಟ ದಾಟಿದ ಕೂಡಲೇ ತಾನಾಗಿ ಹೊರಗೆ ಹರಿಯುತ್ತದೆ. ಅಮೆರಿಕದ ಓಹಾಯೋದಲ್ಲಿ 1913ರ ಭೀಕರ ನೆರೆಯ ನಂತರ ಮಿಯಾಮಿ ಕಣಿವೆಯಲ್ಲಿ ಐದು ಮಣ್ಣಿನ ಅಣೆಕಟ್ಟು ಕಟ್ಟಿ 1922ರ ಹೊತ್ತಿಗೆ ಮುಗಿಸಿದರು. ಅವುಗಳಿಗೆ ಗೇಟೇ ಇಲ್ಲ. ಮಾಮೂಲಿ ದಿನ ಹೊಳೆ ತನ್ನ ಪಾಡಿಗೆ ಹರಿಯುತ್ತದೆ, ನೆರೆ ಬಂದಾಗ ಮಾತ್ರ ಹಿಂದೆ ನೀರು ನಿಲ್ಲುತ್ತದೆ. ಇಂದಿಗೂ ಕೆಲಸ ಮಾಡುತ್ತಿವೆ.

900 ಮಿ.ಮೀ. ವ್ಯಾಸದ ಕೊಳವೆ ಇಟ್ಟರೆ, ನೀರು ಕೋಡಿ ಮಟ್ಟಕ್ಕೆ ಬಂದಾಗ ಸೆಕೆಂಡಿಗೆ ಸುಮಾರು 2 ಘನ ಮೀಟರ್ ಹೊರಬೀಳುತ್ತದೆ. ಬರುವ ನೆರೆ 40, ಬಿಡುವುದು 2. ಕೋಡಿ ಬೀಳುವವರೆಗೆ ಕೆಳಗಿನ ಊರಿಗೆ ಸಿಗುವ ರಕ್ಷಣೆ ಇದು. ಮಳೆ ನಿಂತ ಮೇಲೆ ಸುಮಾರು ಒಂದೂವರೆ ದಿನದಲ್ಲಿ ಮೇಲಿನ ಎರಡು ಮೀಟರ್ ಬಹುಪಾಲು ಖಾಲಿಯಾಗಿ ಮುಂದಿನ ಮಳೆಗೆ ಜಾಗ ಸಿದ್ಧವಾಗುತ್ತದೆ. ಹೊಲದಲ್ಲಿ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯುವುದೂ ತಪ್ಪುತ್ತದೆ.

ಆದರೆ 1.32 ಲಕ್ಷ ಘನ ಮೀಟರ್ ಜಾಗ, ಬರುವ 2.68 ಲಕ್ಷದಲ್ಲಿ ಅರ್ಧಕ್ಕೆ ಮಾತ್ರ ಸಾಕು. ಉಳಿದದ್ದು ಕೋಡಿ ಮೇಲೆ ಹೋಗುತ್ತದೆ. ಇದನ್ನು ಊರಿನವರಿಗೆ ಮೊದಲೇ ಬಿಡಿಸಿ ಹೇಳಿ. ಮಧ್ಯಮ ನೆರೆಯನ್ನು ಈ ಒಡ್ಡು ಪೂರ್ತಿ ನುಂಗುತ್ತದೆ. ದೊಡ್ಡ ನೆರೆಯನ್ನು ಸ್ವಲ್ಪ ತಗ್ಗಿಸುತ್ತದೆ. "ಒಡ್ಡು ಆಯ್ತಲ್ಲ, ಇನ್ನೇನು ಭಯ" ಅಂತ ಹಳ್ಳದ ದಂಡೆಗೆ ಹೊಸ ಮನೆ ಕಟ್ಟಲು ಬಿಡಬೇಡಿ.

ಹಂತ 6: ಕೋಡಿ

ಮಣ್ಣಿನ ಒಡ್ಡಿನ ಪ್ರಾಣ ಕೋಡಿಯಲ್ಲಿದೆ. ಏರಿಯ ಮೇಲೆ ನೀರು ಹರಿದರೆ ಕೆಳ ಮಗ್ಗುಲಿನ ಮಣ್ಣು ಕೊಚ್ಚಿಕೊಂಡು, ಸ್ವಲ್ಪ ಹೊತ್ತಿನಲ್ಲೇ ಒಡ್ಡು ಸೀಳುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮೊರ್ಬಿಯ ಮೇಲ್ಗಡೆ ಮಚ್ಛು–2 ಅಣೆಕಟ್ಟಿನ ಮಣ್ಣಿನ ಭಾಗ ಒಡೆದದ್ದು, ಕೋಡಿಯ ಸಾಮರ್ಥ್ಯಕ್ಕಿಂತ ಬಹಳ ಜಾಸ್ತಿ ನೀರು ಬಂದು ಏರಿ ಮೇಲೆ ಹರಿದದ್ದರಿಂದ.

ನಮ್ಮ ಸಣ್ಣ ಒಡ್ಡಿನಲ್ಲಿ ಎಷ್ಟು ಅಪಾಯ? ಒಡೆದ ಅಣೆಕಟ್ಟುಗಳ ಅಂಕಿ ಇಟ್ಟುಕೊಂಡು ಫ್ರೋಲಿಕ್ ಎಂಬ ಇಂಜಿನಿಯರ್ ಮಾಡಿದ ಸೂತ್ರವಿದೆ. ಅದಕ್ಕೆ ನಮ್ಮ ಅಂಕಿ ಹಾಕಿದರೆ, 6 ಮೀಟರ್ ನೀರು ನಿಂತಾಗ ಒಡೆದರೆ ಸೆಕೆಂಡಿಗೆ 200 ಘನ ಮೀಟರ್‌ಗೂ ಜಾಸ್ತಿ ನುಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಬರುವ ನೆರೆ 40 ಅಂದೆವು. ಅದರ ಐದು ಪಟ್ಟು! ಒಡ್ಡು ಇಲ್ಲದಿದ್ದರೆ ಹೊಲ ಹೋಗುತ್ತಿತ್ತು, ಕೆಟ್ಟ ಒಡ್ಡಿನಿಂದ ಜೀವ ಹೋಗುತ್ತದೆ. ಕೋಡಿಗೆ ಹಣ ಸಾಲದಿದ್ದರೆ ಒಡ್ಡು ಕಟ್ಟಬೇಡಿ.

ಉದ್ದದ ಲೆಕ್ಕ ಸುಲಭ. ಅಗಲ ನೆತ್ತಿಯ ಕೋಡಿಯ ಮೇಲೆ 1 ಮೀಟರ್ ನೀರು ಹೋದರೆ, ಕೋಡಿಯ ಪ್ರತಿ ಮೀಟರ್ ಉದ್ದಕ್ಕೆ 1.7 ಘನ ಮೀಟರ್ ದಾಟುತ್ತದೆ. 40ಕ್ಕೆ 24 ಮೀಟರ್ ಉದ್ದ ಬೇಕು. ಕೊಳವೆಯಿಂದ ಹೋಗುವ ನೀರನ್ನು ಇದರಲ್ಲಿ ಕಳೆಯಬೇಡಿ. ಆ ದಿನ ಕೊಳವೆ ಕಸದಿಂದ ಕಟ್ಟಿರುತ್ತದೆ ಅಂತಲೇ ಎಣಿಸಿ.

ಕೋಡಿ ಇರಬೇಕಾದ್ದು ಏರಿಯ ತುದಿಯಾಚೆ, ಗಟ್ಟಿ ಗರಸು ಅಥವಾ ಬಂಡೆ ನೆಲದಲ್ಲಿ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಯಾವ ಕಾರಣಕ್ಕೂ ಬೇಡ. ಅಲ್ಲಿಂದ ನೀರು ಏರಿಯ ಬುಡ ಮುಟ್ಟದಂತೆ ಸುತ್ತಿ ಬಂದು ಹಳ್ಳ ಸೇರಬೇಕು. ಇಳಿಯುವ ಕಡೆ ಕಲ್ಲು ಹಾಸಿ.

ಕಟ್ಟಿದ ಮೇಲೂ ಕೋಡಿಗೆ ಶತ್ರುಗಳಿದ್ದಾರೆ. ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿ ಮೇಲೆ ಉಸುಕಿನ ಚೀಲ ಪೇರಿಸುವವರು, ಮೀನು ಹೋಗದಿರಲಿ ಅಂತ ಜಾಲರಿ ಕಟ್ಟುವವರು, ದಾರಿ ಹತ್ತಿರವಾಗಲಿ ಅಂತ ಕೋಡಿ ಕಾಲುವೆಗೆ ಮಣ್ಣು ತುಂಬುವವರು. ಇವು ಯಾವುದಕ್ಕೂ ಅವಕಾಶ ಇಲ್ಲ ಅಂತ ಒಡ್ಡು ಕಟ್ಟುವ ಮೊದಲೇ ಗ್ರಾಮಸಭೆಯಲ್ಲಿ ಠರಾವು ಮಾಡಿ ಬರೆಸಿಡಿ. ಮೀನಿನ ಗುತ್ತಿಗೆ ಕೊಟ್ಟರೆ ಆ ಕರಾರಿನಲ್ಲೂ ಬರೆಸಿ.

ಹಂತ 7: ಮಣ್ಣು

ಏರಿ ಬರುವ ಗೆರೆಯಲ್ಲಿ 30 ಮೀಟರಿಗೊಂದು ಗುಂಡಿ ತೆಗೆಸಿ. ಗಟ್ಟಿ ನೆಲ ಸಿಗುವವರೆಗೆ ಇಳಿಯಿರಿ. ಎಲ್ಲಿ ಎರೆ, ಎಲ್ಲಿ ಗರಸು, ಎಲ್ಲಿ ಹಳೇ ಹಳ್ಳದ ಉಸುಕು ಅಂತ ಬರೆದಿಡಿ. ಮೇಲೆ ಎರೆ ಕಂಡರೂ ಅಡಿಯಲ್ಲಿ ಉಸುಕಿನ ಪದರ ಹಾದುಹೋಗಿರುವುದು ಹಳ್ಳದ ಪಾತ್ರದಲ್ಲಿ ಮಾಮೂಲು. ಅದನ್ನು ಕತ್ತರಿಸದಿದ್ದರೆ ನೀರು ಏರಿಯ ಕೆಳಗಿಂದ ದಾರಿ ಮಾಡಿಕೊಳ್ಳುತ್ತದೆ.

ಒಂದು ಪರೀಕ್ಷೆಯನ್ನು ನೀವೇ ಮಾಡಿ. ಗಾಜಿನ ಲೋಟದಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿ. ಬೋರ್ ನೀರು ಬೇಡ, ಅದರ ಉಪ್ಪು ಮಣ್ಣಿನ ಗುಣವನ್ನು ಮುಚ್ಚಿಡುತ್ತದೆ. ಅಗೆದ ಕೂಡಲೇ, ಒಣಗಿಸದೆ, ಕಡಲೆ ಕಾಳಿನಷ್ಟು ಹೆಂಟೆ ತೆಗೆದು ಮೆಲ್ಲಗೆ ಅದರಲ್ಲಿ ಬಿಡಿ. ಅಲುಗಾಡಿಸಬೇಡಿ. ಹತ್ತು ನಿಮಿಷ ನೋಡಿ, ತಾಸಿನ ಮೇಲೆ ಮತ್ತೊಮ್ಮೆ ನೋಡಿ. ಹೆಂಟೆ ಕುಸಿದು ತಳದಲ್ಲಿ ಗುಡ್ಡೆಯಾಗಿ, ನೀರು ತಿಳಿಯಾಗೇ ಉಳಿದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಮಬ್ಬು ಎದ್ದು ತಳದ ಗುಂಟ ಹರಡತೊಡಗಿದರೆ ಅದು ನೀರಿನಲ್ಲಿ ಕದಡಿ ಹೋಗುವ ಮಣ್ಣು. ಅಂಥ ಮಣ್ಣಿನ ಏರಿಯಲ್ಲಿ ಕೂದಲೆಳೆಯ ಬಿರುಕು ಸಾಕು, ನೀರು ಅದನ್ನು ಕೊರೆದು ಸುರಂಗ ಮಾಡುತ್ತದೆ. ಬೇರೆ ಕಡೆ ಮಣ್ಣು ಹುಡುಕಿ. ಬೇರೆ ಇಲ್ಲವೇ ಇಲ್ಲ ಅಂದರೆ ಜಿಪ್ಸಂ ಅಥವಾ ಸುಣ್ಣ ಬೆರೆಸುವ ಉಪಾಯವಿದೆ. ಎಷ್ಟು ಬೆರೆಸಬೇಕು ಅಂತ ಲ್ಯಾಬ್‌ನಲ್ಲಿ ತಿಳಿದೇ ಮಾಡಬೇಕು. ಸಾಂದ್ರತೆ, ತೇವ, ಉಬ್ಬುವ ಗುಣದ ಪರೀಕ್ಷೆಗೂ ಮಣ್ಣನ್ನು ಲ್ಯಾಬ್‌ಗೆ ಕಳಿಸಿ. ಧಾರವಾಡದ ವಾಲ್ಮಿಯವರ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಸಲಹೆಯನ್ನೂ ಕೇಳಬಹುದು.

ಇಡೀ ಏರಿಯನ್ನು ಎರೆ ಮಣ್ಣಿನಿಂದ ಕಟ್ಟುವುದು ಬೇಡ. ನೀರು ತಡೆಯಲು ಎರೆ ಒಳ್ಳೆಯದು, ಆದರೆ ಬೇಸಿಗೆಯಲ್ಲಿ ಸೀಳುತ್ತದೆ, ಮಳೆಯಲ್ಲಿ ಜಾರುತ್ತದೆ. ಮೇಲಿನ ಎರಡು ಮೀಟರ್ ವರ್ಷದಲ್ಲಿ ಹೆಚ್ಚು ದಿನ ಒಣಗಿಯೇ ಇರುವ ನಮ್ಮ ಒಡ್ಡಿಗೆ ಈ ಬಿರುಕು ಇನ್ನೂ ಅಪಾಯ. ಎರೆಯನ್ನು ಒಳಗಿನ ಗರ್ಭಕ್ಕೆ ಹಾಕಿ, ಹೊರಗೆ ಎರಡೂ ಮಗ್ಗುಲಿಗೆ ಮತ್ತು ನೆತ್ತಿಗೆ ಗರಸಿನ ದಪ್ಪ ಹೊದಿಕೆ ಕೊಡಿ. ಮಣ್ಣನ್ನು ಏರಿಯ ಬುಡದ ಪಕ್ಕದಲ್ಲೇ ಅಗೆಯಬೇಡಿ. ನೀರು ನಿಲ್ಲುವ ಕಡೆ, ಏರಿ ಎತ್ತರದ ಐದು ಪಟ್ಟಾದರೂ ದೂರದಿಂದ ತನ್ನಿ.

ಹಂತ 8: ಏರಿಯ ಅಳತೆ

ಕೋಡಿ ಮಟ್ಟ 5 ಮೀಟರ್. ಅದರ ಮೇಲೆ ನೆರೆ ನೀರು 1 ಮೀಟರ್. ಅದರ ಮೇಲೆ ಅಲೆಗೆ, ಲೆಕ್ಕ ಮೀರಿದ ಮಳೆಗೆ 1.5 ಮೀಟರ್ ಬಿಡಿ. ಒಟ್ಟು 7.5 ಮೀಟರ್. ಮಣ್ಣು ಕೂರುವುದಕ್ಕೆ ಇನ್ನೂ ಸ್ವಲ್ಪ ಎತ್ತರಿಸಿ ಕಟ್ಟಿ.

ನೆತ್ತಿಯ ಅಗಲಕ್ಕೆ, ಎತ್ತರದ ಐದನೇ ಒಂದು ಪಾಲಿಗೆ 3 ಸೇರಿಸುವುದು ರೂಢಿ: 4.5 ಮೀಟರ್. ರೋಲರ್, ಟ್ರ್ಯಾಕ್ಟರ್ ಓಡಾಡಲು ಸರಿಹೋಗುತ್ತದೆ. ಇಳಿಜಾರು, ನೀರಿನ ಕಡೆ ಎರಡೂವರೆಗೆ ಒಂದು (ಅಡ್ಡಕ್ಕೆ ಎರಡೂವರೆ ಮೀಟರ್ ಹೋದರೆ ಎತ್ತರ ಒಂದು ಮೀಟರ್), ಹೊರಗೆ ಎರಡಕ್ಕೆ ಒಂದು. ಅಂದರೆ ತಳದಲ್ಲಿ 38 ಮೀಟರ್ ಅಗಲ. ಎರೆ ಜಾಸ್ತಿ ಇದ್ದರೆ 3 ಮತ್ತು 2.5 ಮಾಡಿ, ತಳ 46 ಮೀಟರ್ ಆಗುತ್ತದೆ. ಮಣ್ಣು ಉಳಿಸಲು ಏರಿಯನ್ನು ಕಡಿದಾಗಿ ಮಾಡೋಣ ಅನ್ನುವ ಗುತ್ತಿಗೆದಾರರ ಮಾತಿಗೆ ಒಪ್ಪಬೇಡಿ.

ಏರಿಯ ಕೆಳಗೆ ಉದ್ದಕ್ಕೂ ಕಂದಕ ತೆಗೆದು, ಗಟ್ಟಿ ಗರಸು ಅಥವಾ ಬಂಡೆಯೊಳಗೆ ಅರ್ಧ ಮೀಟರಾದರೂ ಇಳಿದು, ಎರೆ ಮಣ್ಣಿನಿಂದ ತುಂಬಿ ಕುಟ್ಟಬೇಕು. ರೋಲರ್ ಇಳಿಯುವಂತೆ ತಳ 3 ಮೀಟರ್ ಅಗಲ ಇರಲಿ. ಹೊರಗಿನ ಬುಡದಲ್ಲಿ ಉಸುಕು, ಜಲ್ಲಿ, ಕಲ್ಲು ಪದರವಾಗಿ ಹಾಕಿದ ಬಸಿಗಾಲುವೆ ಬೇಕು. ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಜಿನುಗಿಯೇ ಜಿನುಗುತ್ತದೆ. ಅದು ಮಣ್ಣನ್ನು ಹೊತ್ತು ತರದೆ ತಿಳಿಯಾಗಿ ಹೊರಬರಬೇಕು, ಅಷ್ಟೇ. ನೀರಿನ ಕಡೆ 15 ಸೆಂ.ಮೀ. ಜಲ್ಲಿಯ ಮೇಲೆ 30 ಸೆಂ.ಮೀ. ಕಲ್ಲಿನ ಹೊದಿಕೆ (ಪಿಚಿಂಗ್), ಹೊರಗೆ ಕರಿಕೆ ಹುಲ್ಲು.

ಕೊಳವೆಯ ಸುತ್ತಲೇ ಬಹಳಷ್ಟು ಒಡ್ಡುಗಳು ಸೋತಿವೆ. ಕೊಳವೆಯನ್ನು ಗಟ್ಟಿ ನೆಲದ ಮೇಲೆ, ಕಾಂಕ್ರೀಟ್ ಹಾಸಿಗೆಯಲ್ಲಿ ಕೂರಿಸಿ. ಅದಕ್ಕಾಗಿ ಹಳ್ಳದ ನಡುವೆ ಬಿಟ್ಟು, 3 ಮೀಟರ್ ಮಟ್ಟಕ್ಕೆ ಬರುವ ದಂಡೆಯ ಪಕ್ಕ ಜಾಗ ಹುಡುಕಿ. ರೋಲರ್ ತಲುಪದ ಪಕ್ಕದ ಮೂಲೆಗಳನ್ನು ತೆಳು ಪದರದಲ್ಲಿ ಕೈಯಂತ್ರದಿಂದ ಕುಟ್ಟಿಸಿ. ಹೊರ ತುದಿಯ ಮೂರನೇ ಒಂದು ಭಾಗದಲ್ಲಿ ಕೊಳವೆಯ ಸುತ್ತ ಉಸುಕಿನ ಫಿಲ್ಟರ್ ಹಾಕಿ. ಬಾಯಿಗೆ ಕಬ್ಬಿಣದ ಕಸದ ಜಾಲರಿ ಇರಲಿ. ಜಾಲಿ ಟೊಂಗೆ, ಹತ್ತಿ ಕಟ್ಟಿಗೆ, ಪ್ಲಾಸ್ಟಿಕ್ ಚೀಲ ಎಲ್ಲ ಅಲ್ಲಿಗೇ ಬರುತ್ತವೆ.

ಹಂತ 9: ಕಾಗದ ಪತ್ರ

ಗ್ರಾಮ ನಕಾಶೆ ಮತ್ತು ಉತಾರ ತೆಗೆಸಿ ಹಳ್ಳ ಯಾವುದು, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿ ಇಲ್ಲದ ನೆಲ) ಎಷ್ಟು, ಖಾಸಗಿ ಹೊಲ ಎಷ್ಟು ಅಂತ ಗುರುತಿಸಿ. 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕವು ಪಂಚಾಯಿತಿ ವ್ಯವಸ್ಥೆಯವು. 15 ಮೀಟರ್‌ಗಿಂತ ಎತ್ತರವಾದರೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ನಡುವಿನವುಗಳಿಗೂ ಕೆಲವು ಷರತ್ತಿನ ಮೇಲೆ ಅನ್ವಯಿಸುತ್ತದೆ. ಖಾಲಿ ಇಡುವ ಭಾಗದ ಹೊಲಗಳಲ್ಲಿ ಉಳುಮೆ ಮಾಡಬಹುದು, ಆದರೆ ಕೆಲವು ವರ್ಷ ಬೆಳೆ ಮುಳುಗುತ್ತದೆ. ಆ ರೈತರಿಗೆ ಪರಿಹಾರ ಎಷ್ಟು, ಹೇಗೆ ಅನ್ನುವುದು ಕೆಲಸ ಶುರುವಾಗುವ ಮುಂಚೆಯೇ ಲಿಖಿತವಾಗಿ ಆಗಲಿ.

ಹಂತ 10: ಕಟ್ಟುವುದು

ಜನವರಿಯಿಂದ ಮೇ ನಡುವೆ ಮುಗಿಸಬೇಕು. ಮುಗಿಯುವ ನಂಬಿಕೆ ಇಲ್ಲದಿದ್ದರೆ ಆ ವರ್ಷ ಹಳ್ಳದ ನಡುವಿನ ಭಾಗವನ್ನು ಮುಚ್ಚಬೇಡಿ. ಅರ್ಧ ಏರಿಸಿದ ಒಡ್ಡಿನ ಮೇಲೆ ಮುಂಗಾರು ಬಿದ್ದರೆ ಅದು ಕೆಳಗಿನವರಿಗೆ ಗಂಡಾಂತರ. ಕೋಡಿ ಮತ್ತು ಕೊಳವೆ ಮೊದಲು, ಏರಿ ಆಮೇಲೆ.

ಮೇಲ್ಮಣ್ಣು, ಬೇರು, ಜಾಲಿ ಬೊಡ್ಡೆ ಎಲ್ಲ ಕಿತ್ತು ತೆಗೆಯಿರಿ. ಟಿಪ್ಪರ್ ಮಣ್ಣು ಸುರಿದು, ಜೆಸಿಬಿ ಓಡಾಡಿಸಿ, ಕುಟ್ಟಿದ್ದಾಯ್ತು ಅನ್ನುವುದನ್ನು ಒಪ್ಪಬೇಡಿ. 20–25 ಸೆಂ.ಮೀ. ಪದರ ಹರಡಿ, ಹೆಂಟೆ ಒಡೆದು, ಟ್ಯಾಂಕರ್‌ನಿಂದ ನೀರು ಹೊಡೆದು, ಶೀಪ್‌ಫೂಟ್ ರೋಲರ್ (ಉರುಳೆಯ ಮೇಲೆ ಗೊರಸಿನಂಥ ಗುಬುಟುಗಳಿರುವುದು) ಓಡಿಸಬೇಕು. ತೇವ ಸರಿಯಿದೆಯೇ ಅಂತ ಕೈಯಲ್ಲಿ ನೋಡಬಹುದು. ಎರೆ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಪೆನ್ಸಿಲ್‌ಗಿಂತ ತೆಳ್ಳಗಾಗುವ ಹೊತ್ತಿಗೆ ಎಳೆ ಮುರಿಯತೊಡಗಿದರೆ ಹದ ಹತ್ತಿರದಲ್ಲಿದೆ. ಒತ್ತುವ ಮೊದಲೇ ಪುಡಿಯಾದರೆ ನೀರು ಸಾಲದು, ಕೈಗೆ ಮೆತ್ತಿದರೆ ಜಾಸ್ತಿ. ಇದು ಅಂದಾಜಿಗೆ. ಪ್ರತಿ ಪದರಕ್ಕೂ ಪ್ರಾಕ್ಟರ್ ಸಾಂದ್ರತೆಯ (ಲ್ಯಾಬ್‌ನಲ್ಲಿ ಕುಟ್ಟಿದಾಗ ಆ ಮಣ್ಣಿಗೆ ಬರುವ ಗರಿಷ್ಠ ಸಾಂದ್ರತೆ) ನೂರಕ್ಕೆ 95 ಬಂದಿದೆಯೇ ಅಂತ ಇಂಜಿನಿಯರ್ ಅಳೆದು ಬರೆಯಲೇಬೇಕು. ಆ ವಹಿಯನ್ನು ಊರಿನವರೂ ನೋಡುವಂತಿರಲಿ.

ಮೇಲ್ಭಾಗದ ಹೊಲಗಳಲ್ಲಿ ಬದು, ಹುಲ್ಲಿನ ಪಟ್ಟಿ, ಸಣ್ಣ ತಡೆಗಳ ಕೆಲಸ ಜೊತೆಗೇ ಆಗಬೇಕು. ಇಲ್ಲದಿದ್ದರೆ ಲೆಕ್ಕ ಹಾಕಿ ಉಳಿಸಿದ ಜಾಗವನ್ನು ಹೂಳು ತುಂಬುತ್ತದೆ.

ಹಂತ 11: ಮೊದಲ ಮಳೆ ಮತ್ತು ಆಮೇಲೆ

ಏರಿಯ ಮೇಲೆ ಜಾಲಿ, ಬೇವು ಏನೂ ಬೆಳೆಯಬಾರದು. ಬೇರು ಸತ್ತ ಮೇಲೆ ಅದು ನೀರಿನ ದಾರಿಯಾಗುತ್ತದೆ. ಹೆಗ್ಗಣ, ಏಡಿ ಬಿಲಗಳನ್ನು ಮೇ ತಿಂಗಳಲ್ಲಿ ಹುಡುಕಿ ಅಗೆದು, ಮಣ್ಣು ತುಂಬಿ ಕುಟ್ಟಿ. ಕಸದ ಜಾಲರಿಯನ್ನು ಮುಂಗಾರಿನ ಮೊದಲು ಒಮ್ಮೆ, ಪ್ರತಿ ದೊಡ್ಡ ಮಳೆಯ ನಂತರ ಒಮ್ಮೆ ಬಿಡಿಸಿ. ಈ ಕೆಲಸಕ್ಕೆ ಹೆಸರು ಹಿಡಿದು ಇಬ್ಬರನ್ನು ನೇಮಿಸಿ, ಕೂಲಿ ಕೊಡಿ.

ಮೊದಲ ಸಲ ನೀರು ತುಂಬುವಾಗ ಅಪಾಯ ಎಲ್ಲಕ್ಕಿಂತ ಜಾಸ್ತಿ. ಅಮೆರಿಕದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಒಡೆದದ್ದು ಮೊದಲ ಸಲ ತುಂಬುವಾಗಲೇ, ಒಳಗೊಳಗೇ ಮಣ್ಣು ಕೊರೆದು. ಆದ್ದರಿಂದ ಮೊದಲ ನೀರು ಇಳಿಯುವವರೆಗೆ ಹಗಲೂ ರಾತ್ರಿ ಪಾಳಿ ಮೇಲೆ ಜನ ಇರಬೇಕು. ಹೊರ ಮಗ್ಗುಲಿನ ಬುಡ, ಕೊಳವೆಯ ಬಾಯಿ, ಏರಿ ಗುಡ್ಡಕ್ಕೆ ಸೇರುವ ಎರಡು ತುದಿ, ಈ ಜಾಗಗಳನ್ನು ಬ್ಯಾಟರಿ ಹಿಡಿದು ನೋಡಿ.

ಎಲ್ಲಾದರೂ ನೀರು ಜಿನುಗಿದರೆ ಅದನ್ನು ಪಾರದರ್ಶಕ ಬಾಟಲಿಯಲ್ಲಿ ಹಿಡಿಯಿರಿ. ತಿಳಿಯಾಗಿದ್ದರೆ ಜಾಗಕ್ಕೆ ಗೂಟ ನೆಟ್ಟು, ನೀರಿನ ಪ್ರಮಾಣ ಏರುತ್ತಿದೆಯೇ ಅಂತ ಕಾಯಿರಿ. ಕದಡಿದ್ದರೆ ಒಳಗಿನ ಮಣ್ಣು ಹೊರಬರುತ್ತಿದೆ. ಆಗ ಅದರ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚಬೇಡಿ, ನೀರು ಇನ್ನೊಂದು ಕಡೆ ಕೊರೆಯುತ್ತದೆ. ಅದರ ಮೇಲೆ ಮೊದಲು ಉಸುಕು, ಆಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಕಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಇದಕ್ಕಾಗಿ ಒಂದು ಟ್ರ್ಯಾಕ್ಟರ್ ಉಸುಕು, ಒಂದು ಟ್ರ್ಯಾಕ್ಟರ್ ಜಲ್ಲಿ ಏರಿಯ ಹತ್ತಿರವೇ ಮಳೆಗಾಲಕ್ಕೆ ಮೊದಲು ತಂದು ಇಟ್ಟಿರಬೇಕು. ಕೆಲಸ ಶುರು ಮಾಡುವ ಮೊದಲು ಕೆಳಗಿನ ಮನೆಗಳ ಜನರನ್ನು, ದನಗಳನ್ನು ಎತ್ತರದ ಜಾಗಕ್ಕೆ ಕಳಿಸಿ. ಇಂಜಿನಿಯರ್‌ಗೆ, ತಹಶೀಲ್ದಾರರಿಗೆ ಫೋನ್ ಮಾಡುವುದು ಅದರ ನಂತರ.